ಮಂಗಳವಿಲ್ಲದ ಹಾಡು

ಕೋಟೆಗಳಿಗಿಂತ ಕೆರೆಗಳೇ ಹೆಚ್ಚಾಗಿದ್ದ ಬಹಳ ಹಿಂದಿನ ಕಾಲದಲ್ಲಿ ಸುರಗೀಪುರ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಹಾಡಿಲ್ಲದೆ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಬೀಸುವುದಕ್ಕೆ ಒಂದು ಹಾಡು, ನಾಟಿಗೆ ಒಂದು ಹಾಡು, ಹಾಲು ಕರೆಯುವುದಕ್ಕೆ ಒಂದು ಹಾಡು. ಹಾಡು ಕೇಳದೆ ಅಲ್ಲಿನ ಹಸು ಹಾಲು ಇಳಿಸುತ್ತಿರಲಿಲ್ಲ. ಜೋಗುಳ ಕೇಳದೆ ಅಲ್ಲಿನ ಮಗು ಕಣ್ಣು ಮುಚ್ಚುತ್ತಿರಲಿಲ್ಲ. ಅದು ಆ ನೆಲದ ಗುಣ.

ಆ ರಾಜ್ಯಕ್ಕೆ ಕಾಳಕಂಠನೆಂಬ ಮಾಂತ್ರಿಕ ಬಂದ. ಅವನ ಹಿಂದೆ ಎತ್ತಿನ ಗಾಡಿಗಳು, ಗಾಡಿಗಳ ತುಂಬ ತಾಮ್ರದ ಕೊಡಗಳು, ಕೊಡಕ್ಕೊಂದು ಮುಚ್ಚಳ. ಒಂದರಲ್ಲೂ ಏನೂ ಇರಲಿಲ್ಲ.

"ಇವುಗಳಲ್ಲಿ ಏನು ತುಂಬುತ್ತೀಯೆ?" ಎಂದು ಅರಸ ಕೇಳಿದ.

"ನಿಮ್ಮ ರಾಜ್ಯದಲ್ಲಿ ಚೆಲ್ಲಿಹೋಗುತ್ತಿರುವುದನ್ನು, ಪ್ರಭು. ಹೊಲದಲ್ಲಿ, ಹಟ್ಟಿಯಲ್ಲಿ, ಬಾವಿಕಟ್ಟೆಯಲ್ಲಿ ಜನ ಹಾಡು ಚೆಲ್ಲುತ್ತಾರೆ. ತುಂಬಿಟ್ಟರೆ ಅದು ನಿಮ್ಮದು."

ತನ್ನದಲ್ಲದ್ದು ತನ್ನದಾಗುತ್ತದೆ ಎಂದರೆ ಯಾವ ಅರಸನಿಗೆ ರುಚಿಸದು? ಕಾಳಕಂಠ ಆಸ್ಥಾನದಲ್ಲಿ ಉಳಿದ.

ಅವನ ಮಾಯೆ ಇಷ್ಟೆ. ಹಾಡು ಮುಗಿದು, 'ಜಯ ಮಂಗಳ, ಶುಭ ಮಂಗಳ' ಎಂಬ ಕೊನೆಯ ಮಾತು ಹೊರಬಿದ್ದ ಕ್ಷಣ ಅವನು 'ಪೂರ್ಣ' ಎಂದು ಮುಚ್ಚಳ ಹಾಕುತ್ತಿದ್ದ. ಆ ಹಾಡು ಕೊಡದೊಳಗೆ ಸೇರುತ್ತಿತ್ತು. ಹಾಡಿನ ಜೊತೆಗೆ ಹಾಡಿದವನ ಕೊರಳೂ ಹೋಗುತ್ತಿತ್ತು. ರಾಜ್ಯದಲ್ಲಿ ಇನ್ನಾರಿಗೂ ಆ ಹಾಡಿನ ನೆನಪು ಉಳಿಯುತ್ತಿರಲಿಲ್ಲ. ಕಾಳಕಂಠ ಹೊಸ ಹಾಡಿನ ಸತ್ವವನ್ನು ಉಂಡು ಬದುಕುತ್ತಿದ್ದ, ಹಾಡು ಕೊಡದಲ್ಲೇ ಉಳಿಯುತ್ತಿತ್ತು. ಆದರೆ ಅರ್ಧ ಹಾಡಿನ ಮೇಲೆ ಅವನ ಮುಚ್ಚಳ ಕೂರುತ್ತಿರಲಿಲ್ಲ. ಮುಗಿದದ್ದನ್ನು ಮಾತ್ರ ಅವನು ಮುಚ್ಚಬಲ್ಲ.

ಅದಕ್ಕಾಗಿ ಅವನು ಡಂಗುರ ಹೊಡೆಸಿದ:

"ಕೇಳಿರಪ್ಪೋ ಕೇಳಿರಿ! ಅರ್ಧ ಹಾಡು ಮನೆಗೆ ಕೇಡು. ತೊಡಗಿದ ಹಾಡು ಮಂಗಳದಲ್ಲಿ ಮುಗಿಯಲಿ. ಕೇಳಲು ಕುಳಿತವನು ಮಂಗಳಕ್ಕೆ ಮೊದಲು ಏಳದಿರಲಿ. ಎದ್ದವನ ಎದೆ ಒಡೆಯಲಿ!"

ಅದು ಬರಿಯ ಮಾತಾಗಿರಲಿಲ್ಲ, ಮಂತ್ರವಾಗಿತ್ತು. ಮರುದಿನವೇ ಆಸ್ಥಾನದಲ್ಲಿ ಮುದುಕ ಮಂತ್ರಿಯೊಬ್ಬ ಹಾಡಿನ ನಡುವೆ ಕೆಮ್ಮು ತಡೆಯಲಾರದೆ ಎದ್ದ. ಅವನ ಎದೆ ಒಣ ಸೋರೆಬುರುಡೆಯಂತೆ ಒಡೆಯಿತು. ಆಮೇಲೆ ಯಾರೂ ಏಳಲಿಲ್ಲ.

ಒಬ್ಬೊಬ್ಬರಾಗಿ ಆಸ್ಥಾನದ ಗಾಯಕರ ಕೊರಳು ಹೋಯಿತು. "ಎಲ್ಲೋ ಯಾರೋ ಹಾಡನ್ನು ಅರ್ಧಕ್ಕೆ ಬಿಟ್ಟಿದ್ದಾರೆ, ಅದರ ಶಾಪ," ಎಂದ ಕಾಳಕಂಠ. ಜನ ನಂಬಿದರು. ನಂಬಿ ಇನ್ನಷ್ಟು ನಿಷ್ಠೆಯಿಂದ ಮಂಗಳ ಹಾಡಿದರು. ಮನೆಮನೆಯ ಸೂರಿನ ಮೇಲೆ ಒಂದೊಂದು ತಾಮ್ರದ ಕಾಗೆ ಬಂದು ಕೂತಿತು. ಅದು ಕಾಯುತ್ತಿದ್ದುದು ಆ ಮಂಗಳಕ್ಕೇ ಎಂದು ಯಾರಿಗೂ ಹೊಳೆಯಲಿಲ್ಲ.

ನದಿಯಾಚೆಯ ಹಳ್ಳಿಯೊಂದರಲ್ಲಿ ಮಾಳಿಂಗನೆಂಬ ಕಿನ್ನರಿಯವನಿದ್ದ. ಮೂರು ಸೋರೆಬುರುಡೆ ಕಟ್ಟಿದ ಬಿದಿರಿನ ಕಿನ್ನರಿಯನ್ನು ಎದೆಗೊತ್ತಿ ನುಡಿಸುತ್ತ ಹಾಡುವುದು ಅವನ ವಿದ್ಯೆ. ಕಲಿಸಿದವರು ಅಡವಯ್ಯನವರು. ಆಸ್ಥಾನದಲ್ಲಿ ಮೊದಲು ಕೊರಳು ಕಳೆದುಕೊಂಡವರೂ ಅವರೇ. ಮಾಳಿಂಗ ಉಳಿದದ್ದಕ್ಕೆ ಕಾರಣ, ಆ ವರ್ಷ ಅವನ ತಂದೆ ತೀರಿಕೊಂಡಿದ್ದ. ವರ್ಷ ತುಂಬುವ ತನಕ ಹಾಡಬಾರದೆಂದು ಕಿನ್ನರಿಗೆ ಬಟ್ಟೆ ಸುತ್ತಿ ಜಂತಿಗೆ ನೇತುಹಾಕಿದ್ದ. ನಿಯಮ ಎಂದರೆ ನಿಯಮ. ಅವನ ಮನೆಯಲ್ಲಿ ತಂಬಿಗೆ ಇಡುವ ಜಾಗಕ್ಕೂ ನಿಯಮವಿತ್ತು.

ಒಂದು ಮಧ್ಯಾಹ್ನ ಅವನ ಹೆಂಡತಿ ಸಂಕವ್ವ ಮಗಳು ನೀಲಿಯನ್ನು ತೊಟ್ಟಿಲಲ್ಲಿ ತೂಗುತ್ತಿದ್ದಳು. ನೀಲಿ ಕಣ್ಣು ಮುಚ್ಚಿತು. ಸಂಕವ್ವ ಜೋಗುಳವನ್ನು ಅಲ್ಲಿಗೇ ಬಿಟ್ಟು ಎದ್ದಳು.

ಪಡಸಾಲೆಯಿಂದ ಮಾಳಿಂಗ ಕೇಳಿದ: "ಮಂಗಳ ಹೇಳದೆ ಎದ್ದೆಯಾ?"

"ಕೂಸು ಮಲಗಿತಲ್ಲ. ಇನ್ಯಾರಿಗೆ ಹೇಳಲಿ, ತೊಟ್ಟಿಲ ಹಗ್ಗಕ್ಕಾ?"

"ಡಂಗುರ ನಿನಗೆ ಕೇಳಿಸಲಿಲ್ಲವೇ?"

"ಕೇಳಿಸಿತು. ಜೋಗುಳಕ್ಕೆ ನಮ್ಮವ್ವ ಮಂಗಳ ಹೇಳಿದವಳಲ್ಲ, ಅವಳವ್ವ ಹೇಳಿದವಳಲ್ಲ. ಒಲೆ ಮೇಲೆ ಅನ್ನ ಇದೆ, ಸೀದುಹೋಗುತ್ತೆ."

"ಸೀದ ಅನ್ನವನ್ನು ಚೆಲ್ಲಿ ಇನ್ನೊಮ್ಮೆ ಇಡಬಹುದು. ತಪ್ಪಿದ ನಿಯಮವನ್ನು ಇನ್ನೊಮ್ಮೆ ಇಡಲಾಗುವುದಿಲ್ಲ. ಕೂತು ಮುಗಿಸು."

ಸಂಕವ್ವ ಅವನ ಮುಖವನ್ನೊಮ್ಮೆ ನೋಡಿದಳು. ಕೂತಳು. ಮಲಗಿದ ಮಗುವಿನೆದುರು ಜೋಗುಳವನ್ನು ಕೊನೆಮುಟ್ಟಿಸಿ, "ಜಯ ಮಂಗಳ, ಶುಭ ಮಂಗಳ" ಎಂದಳು.

ಸೂರಿನ ಮೇಲಿನ ಕಾಗೆ "ಪೂರ್ಣ!" ಎಂದಿತು. ಕೊಕ್ಕಿನಲ್ಲಿ ಏನನ್ನೋ ಕಚ್ಚಿಕೊಂಡು ರಾಜಧಾನಿಯ ಕಡೆ ಹಾರಿತು. ಮಾಳಿಂಗ ಅದನ್ನು ಕಣ್ಣಾರೆ ಕಂಡ. ಸಂಕವ್ವ ಬಾಯಿ ತೆರೆದಳು, ದನಿ ಇರಲಿಲ್ಲ. ತೊಟ್ಟಿಲಲ್ಲಿ ನೀಲಿ ಕಣ್ಣು ಬಿಟ್ಟಿತು.

ಆ ಜೋಗುಳ ಸಂಕವ್ವನೊಬ್ಬಳದಲ್ಲ. ಸುರಗೀಪುರದ ತಾಯಂದಿರೆಲ್ಲ ಅದೊಂದನ್ನೇ ಹಾಡುತ್ತಿದ್ದರು. ಅದು ಎಲ್ಲರ ಬಾಯಿಂದಲೂ ಹೋಯಿತು. ರಾಜ್ಯದ ಯಾವ ಮಗುವಿಗೂ ನಿದ್ದೆ ಬರಲಿಲ್ಲ. ಮೊದಲು ಮಕ್ಕಳು ಅತ್ತರು. ಆಮೇಲೆ ಹಾಲು ಬಿಟ್ಟರು. ಆಮೇಲೆ ತೆರೆದ ಕಣ್ಣಲ್ಲೇ ಒಂದೊಂದಾಗಿ ಸಾಯತೊಡಗಿದರು.

ಮಾಳಿಂಗ ಜಂತಿಯಿಂದ ಕಿನ್ನರಿ ಇಳಿಸಿದ. ಬಟ್ಟೆ ಬಿಚ್ಚಿದ. "ರಾಜಧಾನಿಗೆ ಹೋಗುತ್ತೇನೆ. ಜೋಗುಳ ತರುತ್ತೇನೆ, ಇಲ್ಲವೇ ಬರುವುದಿಲ್ಲ," ಎಂದ. ಸಂಕವ್ವ ಮಾತಾಡಲಾರಳು. ನೀಲಿಯನ್ನು ಸೆರಗಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಅವನಿಗಿಂತ ಮೊದಲೇ ಹೊಸಿಲು ದಾಟಿದಳು.

ಊರಾಚೆಯ ಸೇದುವ ಬಾವಿಯ ಬಳಿ ಬಾಳವ್ವನೆಂಬವಳು ನೀರೆಳೆಯುತ್ತಿದ್ದಳು. ಕಂಕುಳಲ್ಲಿ ನಿದ್ದೆಯಿಲ್ಲದ ಮಗ. ಇವರನ್ನು ಕಂಡು ಹಗ್ಗ ಬಿಡದೆಯೇ ಹೇಳಿದಳು:

"ಬಾರಪ್ಪ, ಬಾ. ನಮ್ಮ ಜೋಗುಳ ಕಾಗೆಗೆ ಹಾಕಿದ ಧಣಿ! ಅಕ್ಕಯ್ಯ, ನಿನ್ನ ಗಂಡನ್ನ ಬಾವಿಗೆ ನೂಕಿ ಬಂದಿದ್ರೆ ಊರಿಗೆ ಪುಣ್ಯ ಬರ್ತಿತ್ತು."

ಅವಳು ಆಡಿದ್ದು ನಿಜವಾಗಿತ್ತು. ಅಷ್ಟರಲ್ಲಿ ನೀಲಿ ಅತ್ತಿತು, ಬಾಳವ್ವನ ಮಗನೂ ಅತ್ತ.

"ಆ ಬುರುಡೆಗಳನ್ನ ಹೊತ್ತು ತಿರುಗ್ತೀಯಲ್ಲ, ಬಾರಿಸಬಾರದಾ?"

"ಇಲ್ಲಿ? ಬಾವಿಕಟ್ಟೆಯಲ್ಲಿ? ಶ್ರುತಿ ಕೂಡಿಸಿಲ್ಲ. ಆಸನವಿಲ್ಲ."

"ಓಹೋ, ಬಾವಿಗೆ ಜಮಖಾನ ಹಾಸಬೇಕಿತ್ತಾ? ಬಾರಿಸಪ್ಪ. ಮಕ್ಕಳು ಶ್ರುತಿ ಕೇಳಲ್ಲ."

ಮಾಳಿಂಗ ಕಟ್ಟೆಯ ಮೇಲೆ ನುಡಿಸಿದ. ಅವನ ತಂದೆ ಕುರಿ ಕಾಯುತ್ತ ಹಾಡುತ್ತಿದ್ದ ಹಾಡು ಅದು:

*ಎಲ್ಲಿಂದ ಬಂದೀರಿ ಬೆಳ್ಳಕ್ಕಿ ಸಾಲೇ,*
*ಎಲ್ಲಿಗೆ ಹೊರಟೀರಿ ಗುಡ್ಡದ ಮ್ಯಾಲೇ?*

ಮಕ್ಕಳ ಅಳು ನಿಂತಿತು. ನಿದ್ದೆ ಬರಲಿಲ್ಲ, ಆದರೆ ಅಳು ನಿಂತಿತು. ಬಾವಿಯ ರಾಟೆಯ ಮೇಲೆ ತಾಮ್ರದ ಕಾಗೆಯೊಂದು ಬಂದು ಕೂತಿತು. ಕೊಕ್ಕು ತೆರೆದು ಕಾಯತೊಡಗಿತು. ಮಾಳಿಂಗ ಅದನ್ನು ನೋಡಿದ. ನೋಡಿದರೂ ಅವನ ಬೆರಳು ಕಲಿತ ದಾರಿಯಲ್ಲೇ ಹೋಗುತ್ತಿತ್ತು. ಬೆಳ್ಳಕ್ಕಿ ಗುಡ್ಡ ಹತ್ತಿದ ಮೇಲೆ ಮಂಗಳ ಬರಲೇಬೇಕು. ಇಪ್ಪತ್ತು ವರ್ಷ ಅವನು ಒಮ್ಮೆಯೂ ತಪ್ಪಿಸಿರಲಿಲ್ಲ. ನಾಲಗೆ "ಜಯ" ಎನ್ನಲು ಮೇಲೆದ್ದಿತು.

ಬಾಳವ್ವನ ಕೊಡ ತುಂಬಿತ್ತು. ಅವಳು ಒದ್ದೆ ಕೈಯನ್ನು ತಂತಿಗಳ ಮೇಲೆ ತಟ್ಟನೆ ಇಟ್ಟಳು.

"ಸಾಕು ನಿಲ್ಲಿಸು. ನಾನು ಹೊರಟೆ. ನಿನ್ನ ಮಂಗಳ ಕೇಳೋಕೆ ಕೂತರೆ ನನ್ನ ಮನೆ ನೀರು ಯಾರು ಹೊರ್ತಾರೆ?"

ತಂತಿ ಸತ್ತಿತು. ಹಾಡು ನಡುವೆಯೇ ನಿಂತಿತು. ರಾಟೆಯ ಮೇಲಿನ ಕಾಗೆ ತೆರೆದ ಕೊಕ್ಕನ್ನು ಮುಚ್ಚಲಾರದೆ ಒದ್ದಾಡಿತು. ಮುಚ್ಚಲು ಅದಕ್ಕೆ ಏನೂ ಸಿಕ್ಕಿರಲಿಲ್ಲ. ಕಟಕಟ ಸದ್ದು ಮಾಡಿ, ಎರಡಾಗಿ ಒಡೆದು, ತಾಮ್ರದ ಚೂರಾಗಿ ಬಾವಿಗೆ ಬಿತ್ತು.

ಮೂವರೂ ಬಾವಿಯೊಳಗೆ ಬಗ್ಗಿ ನೋಡಿದರು.

"ಸಭೆಯಲ್ಲಿ ಹಾಡು ಮುಗಿಯುತ್ತದೆ," ಎಂದ ಮಾಳಿಂಗ, ನಿಧಾನವಾಗಿ. "ಬೀದಿಯಲ್ಲಿ ಮುಗಿಯುವುದಿಲ್ಲ. ಬೀದಿಯಲ್ಲಿ ಎಲ್ಲರಿಗೂ ಕೆಲಸವಿದೆ."

"ಇದನ್ನ ತಿಳಿಯೋಕೆ ಇಷ್ಟು ಓದಬೇಕಿತ್ತಾ?" ಎಂದಳು ಬಾಳವ್ವ. ಕೊಡವನ್ನು ಮನೆಯಲ್ಲಿಳಿಸಿ ಬಂದು, ಮಗನನ್ನೆತ್ತಿಕೊಂಡು ಅವರ ಜೊತೆ ನಡೆದಳು.

ಅಂದಿನಿಂದ ಮಾಳಿಂಗ ಸಿಕ್ಕಿದ ಕಡೆ ನುಡಿಸಿದ. ಗಾಣದ ಹತ್ತಿರ ನುಡಿಸಿದ, ಎಣ್ಣೆ ತುಂಬಿಸಿಕೊಂಡವರು ನಡುವೆಯೇ ಹೋದರು. ಮರದಡಿಯ ಕ್ಷೌರಿಕನ ಪಕ್ಕ ನುಡಿಸಿದ, ಅರ್ಧ ಗಡ್ಡ ಮುಗಿದವನು ಕೇಳಿದ, ಪೂರ್ತಿ ಮುಗಿದವನು ಎದ್ದುಹೋದ. ಸುಂಕದ ಕಟ್ಟೆಯಲ್ಲಿ, ಸಂತೆಯ ಉಪ್ಪಿನ ಸಾಲಿನಲ್ಲಿ, ಕಮ್ಮಾರನ ಕುಲುಮೆಯ ಮುಂದೆ ನುಡಿಸಿದ. ಹಾಡು ಕೇಳಲೆಂದು ಯಾರೂ ಕೂರಲಿಲ್ಲ, ಯಾರೂ ಕೊನೆಯವರೆಗೆ ಉಳಿಯಲಿಲ್ಲ. ಕೇಳಿದಷ್ಟನ್ನು ಬಾಯಲ್ಲಿ ಗುನುಗುತ್ತ ತಮ್ಮ ದಾರಿ ಹಿಡಿದರು. ಊರೂರಲ್ಲಿ ತಾಮ್ರದ ಕಾಗೆಗಳು ಒಡೆದು ಬಿದ್ದವು. ಆದರೆ ನೀಲಿಯ ಮುಖ ದಿನದಿನಕ್ಕೆ ಸಣ್ಣದಾಗುತ್ತಿತ್ತು, ಕಣ್ಣು ದೊಡ್ಡದಾಗುತ್ತಿತ್ತು.

ನದಿಯ ದಡಕ್ಕೆ ಬಂದರು. ಅಂಬಿಗ ದ್ಯಾಮಣ್ಣ ಹರಿಗೋಲು ತಂದ. ಇವರ ಜೊತೆ ಉಪ್ಪಿನ ವ್ಯಾಪಾರಿಯೊಬ್ಬ ಹತ್ತಿದ.

"ಏನಪ್ಪ ಕಿನ್ನರಿ, ಸುಮ್ಮನೆ ಕೂತರೆ ಹರಿಗೋಲು ಭಾರ. ಏನಾದರೂ ನುಡಿಸು," ಎಂದ ದ್ಯಾಮಣ್ಣ.

ಮಾಳಿಂಗ ಬೆಳ್ಳಕ್ಕಿಯ ಹಾಡು ಹಿಡಿದ. ನಡುನೀರಿಗೆ ಬಂದಾಗ ಹರಿಗೋಲು ನಿಂತಿತು. ತಾಮ್ರದ ಹುರುಪೆಯ ಮೊಸಳೆಯೊಂದು ಬಾಯ್ದೆರೆದು ಮೇಲೆದ್ದಿತು. ಆ ಬಾಯಿಗೆ ಎತ್ತಿನ ಗಾಡಿ ಹೋಗುವಷ್ಟು ಅಗಲವಿತ್ತು.

"ಮಂಗಳ ಹಾಡು, ಬಿಡುತ್ತೇನೆ. ಹಾಡದೆ ನಿಲ್ಲಿಸು, ನುಂಗುತ್ತೇನೆ," ಎಂದಿತು ಮೊಸಳೆ.

ಉಪ್ಪಿನ ವ್ಯಾಪಾರಿ ಕೈ ಮುಗಿದ. "ಹಾಡಿಬಿಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ. ಒಂದು ಹಾಡು ಹೋದರೆ ಇನ್ನೊಂದು ಕಟ್ಟಬಹುದು. ನನಗೆ ಮೂರು ಹೆಣ್ಣುಮಕ್ಕಳಿದ್ದಾರೆ."

"ಈ ಹಾಡು ಹೋದರೆ ನನ್ನ ಕೊರಳೂ ಹೋಗುತ್ತದೆ. ನನ್ನ ಕೊರಳು ಹೋದರೆ ಜೋಗುಳ ತರುವವರಿಲ್ಲ," ಎಂದು ಮಾಳಿಂಗ ಎರಡು ಸಾಲುಗಳ ನಡುವೆ ಉಸಿರೆಳೆದುಕೊಂಡು ಹೇಳಿದ. ನುಡಿಸುವುದನ್ನು ನಿಲ್ಲಿಸಲಿಲ್ಲ.

ದ್ಯಾಮಣ್ಣ ಮೊಸಳೆಯನ್ನೂ ನೋಡಿದ, ಮಾಳಿಂಗನನ್ನೂ ನೋಡಿದ. "ಹಾಡೋದು ನಿನ್ನ ಕೆಲಸ. ದಡ ಮುಟ್ಟಿಸೋದು ನನ್ನದು," ಎಂದು ಹುಟ್ಟು ಹಾಕಿದ. ಹಾಡು ಇರುವಷ್ಟು ಹೊತ್ತು ಮೊಸಳೆ ಬಾಯ್ದೆರೆದು ಕೊನೆಗಾಗಿ ಕಾಯಬೇಕಿತ್ತು. ಕಾಯುತ್ತ ಹಿಂದೆಯೇ ಬಂತು. ದಡ ಬಂತು. ಒಬ್ಬೊಬ್ಬರಾಗಿ ಇಳಿದರು. ಮೊಸಳೆಯೂ ದಡಕ್ಕೆ ಒಂದು ಕಾಲಿಟ್ಟಿತು.

ಆಗ ದ್ಯಾಮಣ್ಣ ತಾನೇ ದನಿಯೆತ್ತಿದ: "ಎಲ್ಲಿಂದ ಬಂದೀರಿ ಬೆಳ್ಳಕ್ಕಿ ಸಾಲೇ..." ಹುಟ್ಟು ಹಾಕುತ್ತ ಹಾಕುತ್ತ ಕಲಿತಿದ್ದ. ಒರಟು ದನಿ. ಮೊಸಳೆಯ ತಲೆ ಅವನ ಕಡೆ ತಿರುಗಿತು. ಅವನು ಹರಿಗೋಲನ್ನು ದಡದಿಂದ ನೂಕಿದ.

"ದ್ಯಾಮಣ್ಣ! ಎಲ್ಲಿಯವರೆಗೆ ಹಾಡ್ತೀಯಾ?" ಎಂದು ಬಾಳವ್ವ ಕೂಗಿದಳು.

"ನದಿ ಇರೋವರೆಗೆ, ತಂಗಿ. ಇದರ ಕೊನೆ ನನಗೆ ಗೊತ್ತಿಲ್ಲ. ಒಳ್ಳೇದೇ ಆಯ್ತು."

ಹರಿಗೋಲು ಹೊಳೆಯ ಜೊತೆ ಹೋಯಿತು, ಹಿಂದೆ ಮೊಸಳೆ ಹೋಯಿತು. ದನಿ ಬಹಳ ಹೊತ್ತು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ. ದ್ಯಾಮಣ್ಣ ಮರಳಿ ಬರಲಿಲ್ಲ. ಉಪ್ಪಿನ ವ್ಯಾಪಾರಿ ತಲೆ ತಗ್ಗಿಸಿ ತನ್ನ ದಾರಿ ಹಿಡಿದ.

ರಾಜಧಾನಿಯ ಕೋಟೆ ಕಣ್ಣಿಗೆ ಬಿದ್ದ ಬೆಳಿಗ್ಗೆ ಬಾಳವ್ವನ ಮಗ ಸತ್ತ.

ಅವಳು ಅಳಲಿಲ್ಲ. ಕೋಟೆಯ ಹೊರಗಿನ ಮಸಣದಲ್ಲಿ ಹೊಸ ಗುಂಡಿಗಳು ಎಷ್ಟೋ ಇದ್ದವು, ಎಲ್ಲವೂ ಚಿಕ್ಕವು. ಅವುಗಳ ಪಕ್ಕ ಇನ್ನೊಂದನ್ನು ತೋಡಿದರು. ಮಗನನ್ನು ಮಲಗಿಸಿ, ಮಣ್ಣೆಳೆಯುವ ಮೊದಲು ಬಾಳವ್ವ ಮಾಳಿಂಗನ ಕಡೆ ತಿರುಗಿದಳು.

"ಬಾರಿಸು. ಅವನ ಕಣ್ಣು ಈಗ ಮುಚ್ಚಿದೆ. ಬಾರಿಸು."

ಮಾಳಿಂಗ ನುಡಿಸಿದ. ಸಂಕವ್ವ ಬಾಳವ್ವನ ಕೈ ಹಿಡಿದು ನಿಂತಳು. ಮಣ್ಣು ಬಿತ್ತು. ಆಗ ಗುಂಡಿಗಳ ನಡುವಿನಿಂದ ಒಬ್ಬ ವೃದ್ಧರು ಬಂದರು. ಬಿಳಿಯ ಪೇಟ, ಎಡಕ್ಕೆ ವಾಲಿದ ನಡಿಗೆ. ಅಡವಯ್ಯನವರು. ಕಳೆದುಹೋಗಿದ್ದ ಅವರ ದನಿ ಅವರ ಬಾಯಲ್ಲೇ ಇತ್ತು.

"ಮಾಳಿಂಗ, ಹಾಡನ್ನು ನಡುವೆ ಬಿಡುವುದನ್ನು ನಾನು ನಿನಗೆ ಕಲಿಸಲಿಲ್ಲ. ಮಂಗಳ ಹಾಡು."

ಮೊಸಳೆಯ ಮಾತನ್ನು ಮೀರಬಹುದು. ಗುರುವಿನ ಮಾತನ್ನು ಮೀರುವುದು ಹೇಗೆ? ಮಾಳಿಂಗನ ಬೆರಳು ತಂತಾನೇ ಕೊನೆಯ ಸ್ವರದ ಕಡೆ ಸರಿಯಿತು.

"ಏನು ತಡ? ಗುರುವಿನ ಅಪ್ಪಣೆ," ಎಂದರು ಅಡವಯ್ಯ.

ಸಂಕವ್ವ ಗಂಡನ ತೋಳನ್ನು ಹಿಡಿದು ಅಲುಗಿಸಿದಳು. ಮಣ್ಣನ್ನು ತೋರಿಸಿದಳು. ಮತ್ತೆ ಮಣ್ಣನ್ನೇ ತೋರಿಸಿದಳು. ಮಾಳಿಂಗ ಆಗ ತಾನು ನಿಂತಿದ್ದು ಎಲ್ಲಿ ಎಂದು ಕಂಡ.

"ಗುರುಗಳೇ," ಎಂದ. "ಇದು ಮಸಣ. ಮಸಣದಲ್ಲಿ ಮಂಗಳ ಹಾಡುವುದಿಲ್ಲ. ನೀವು ಹೇಳಿಕೊಟ್ಟದ್ದೇ."

ಮುದುಕರ ಮುಖ ಸಡಿಲವಾಯಿತು.

"ಇನ್ನೂ ನೆನಪಿದೆಯಲ್ಲ," ಎಂದರು. "ಕಾಳಕಂಠ ನನ್ನ ಕೊರಳನ್ನು ಒಂದು ಕೆಲಸಕ್ಕೆಂದು ಎರವಲು ಕೊಟ್ಟ. 'ನಿನ್ನ ಶಿಷ್ಯನಿಂದ ಮಂಗಳ ಹಾಡಿಸು, ಎಲ್ಲಿ ಬೇಕಾದರೂ ಹಾಡಿಸು' ಎಂದ. ಎಲ್ಲಿ ಬೇಕಾದರೂ ಎಂದನಲ್ಲ, ನಾನು ಇಲ್ಲಿ ಬಂದು ಕೇಳಿದೆ."

"ಕೆಲಸವಾಗದಿದ್ದರೆ ನಿಮಗೇನು, ಗುರುಗಳೇ?"

"ಅದು ನನ್ನ ಲೆಕ್ಕ, ನಿನಗೆ ಬೇಡ. ಅರಮನೆಯ ಒಳಗೆ ಹೋಗಬೇಡ, ಮಗನೇ. ಒಳಗೆ ಎಲ್ಲಕ್ಕೂ ಒಂದು ಕೊನೆಯಿದೆ. ಅವನೇ ಹೊರಗೆ ಬರಲಿ. ಕಾಗೆಗಳು ಸತ್ತು ಅವನು ಹಸಿದಿದ್ದಾನೆ."

ಹೇಳುತ್ತಿದ್ದಂತೆಯೇ ಅವರ ಪಾದ ಬೂದಿಯಾಯಿತು, ಮೊಣಕಾಲು ಬೂದಿಯಾಯಿತು, ಪೇಟ ಬೂದಿಯ ಮೇಲೆ ಬಿತ್ತು. ಮಾಳಿಂಗ ಆ ಬೂದಿಗೆ ಹಣೆ ಮುಟ್ಟಿಸಿ ಎದ್ದ.

ಅರಮನೆಯ ಹೆಬ್ಬಾಗಿಲ ಮುಂದೆ ಒಂದು ಚೌಕ. ಚೌಕದ ನಡುವೆ ಊರಬಾವಿ. ಮರುದಿನ ಬೆಳಗಿನ ಹೊತ್ತು. ಸೊಪ್ಪು ಮಾರುವವರು, ಕಟ್ಟಿಗೆ ಹೊತ್ತವರು, ನಿದ್ದೆಯಿಲ್ಲದ ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ಮಾಳಿಂಗ ಬಾವಿಗೆ ಒರಗಿ ನಿಂತು ನುಡಿಸತೊಡಗಿದ. ಜನ ತಲೆಯ ಮೇಲಿನ ಬುಟ್ಟಿ ಇಳಿಸದೆಯೇ ಸ್ವಲ್ಪ ನಿಂತರು, ಸ್ವಲ್ಪ ಕೇಳಿದರು, ಹೋದರು. ಅವರ ಜಾಗಕ್ಕೆ ಬೇರೆಯವರು ಬಂದರು.

ಭಟನೊಬ್ಬ ಬಂದು, "ಒಳಗೆ ಬಾ, ಸಭೆ ಸಿದ್ಧವಾಗಿದೆ," ಎಂದ.

"ಸಭೆಯಲ್ಲಿ ನುಡಿಸುವುದನ್ನು ಬಿಟ್ಟಿದ್ದೇನೆ," ಎಂದ ಮಾಳಿಂಗ.

ಕೊನೆಗೆ ಕಾಳಕಂಠನೇ ಬಂದ. ಕೆನ್ನೆ ಒಳಸೇರಿತ್ತು. ಒಂದು ಕೈಯಲ್ಲಿ ಬರಿಯ ಕೊಡ, ಇನ್ನೊಂದು ಕೈಯಲ್ಲಿ ಮುಚ್ಚಿದ ಕೊಡ. ಹಿಂದೆ ಬಂದ ಆಳು ಹುಲಿಚರ್ಮ ಹಾಸಿ ಅರಮನೆಗೆ ಮರಳಿದ. ಕಾಳಕಂಠ ಅದರ ಮೇಲೆ ಪದ್ಮಾಸನ ಹಾಕಿ ಕೂತ. ಬೀದಿಯ ಜನ ಬೀದಿಯ ಜನರಂತೆ ನಿಂತು ಕೇಳುತ್ತಿದ್ದರು. ಹಾಡು ಕೇಳುವುದೆಂದರೆ ಕೂರುವುದು ಎಂದಷ್ಟೇ ಅವನಿಗೆ ಗೊತ್ತಿತ್ತು. ಆ ಚೌಕದಲ್ಲಿ ಕೇಳಲೆಂದು ಕೂತವನು ಅವನೊಬ್ಬನೇ.

"ನಿನ್ನ ಬೆರಳು ಮೂಳೆಮಾಂಸದ್ದು," ಎಂದ ಕಾಳಕಂಠ. "ಸೋಲಲೇಬೇಕು. ನಾನು ಕಾಯುತ್ತೇನೆ."

ಮಾಳಿಂಗ ನುಡಿಸಿದ. ಬಿಸಿಲೇರಿತು. ಬೆರಳ ತುದಿ ಒಡೆದು ರಕ್ತ ಬಂತು. ರಕ್ತದಿಂದ ತಂತಿ ಜಾರಿತು. ಸಂಕವ್ವನ ಬೆನ್ನ ಮೇಲೆ ನೀಲಿ ಅಳುವುದನ್ನೂ ಬಿಟ್ಟಿತ್ತು. ಅದರ ಉಸಿರು ಈಗ ಬಂತು, ಈಗ ಬರಲಿಲ್ಲ ಎನ್ನುವಂತಿತ್ತು.

ಕಾಳಕಂಠ ಮುಚ್ಚಿದ ಕೊಡವನ್ನು ಮುಂದಿಟ್ಟ. "ಇದರಲ್ಲಿರುವುದು ನಿನ್ನ ಮನೆಯ ಜೋಗುಳ. ಮಂಗಳ ಹಾಡು. ನಿನ್ನ ಮಗಳಿಗೆ ಮಾತ್ರ ಕೇಳುವಷ್ಟು ಇದನ್ನು ತೆರೆಯುತ್ತೇನೆ. ಅವಳು ನಿದ್ದೆ ಮಾಡುತ್ತಾಳೆ. ಅವಳು ಬದುಕುತ್ತಾಳೆ. ನಾನು ಸುಳ್ಳು ಹೇಳುವವನಲ್ಲ."

"ಉಳಿದ ಮಕ್ಕಳು?"

"ಉಳಿದ ಮಕ್ಕಳು ನಿನ್ನವರೇ?"

ಚೌಕದಲ್ಲಿದ್ದ ತಾಯಂದಿರು ತಮ್ಮ ಮಕ್ಕಳನ್ನು ಎದೆಗೆ ಒತ್ತಿಕೊಂಡರು. 'ಹಾಡಬೇಡ' ಎಂದು ಅವರಲ್ಲಿ ಯಾರೂ ಹೇಳಲಿಲ್ಲ. ಅದನ್ನು ಇನ್ನೊಬ್ಬಳ ಗಂಡನಿಗೆ ಯಾರು ಹೇಳಬಲ್ಲರು? ಮಾಳಿಂಗ ಮಗಳ ಮುಖ ನೋಡಿದ. ಅವನ ಬಾಯಿ ತೆರೆಯಿತು. ಏನು ಹೇಳಲಿದ್ದನೋ ಅವನಿಗೇ ತಿಳಿಯದು.

ಸಂಕವ್ವ ತನ್ನ ಅಂಗೈಯನ್ನು ಅವನ ಬಾಯಿಯ ಮೇಲೆ ಒತ್ತಿದಳು.

ಅವಳ ಕಣ್ಣಿಂದ ನೀರಿಳಿಯುತ್ತಿತ್ತು. ಆದರೆ ಅಂಗೈ ಅಲುಗಲಿಲ್ಲ. ಒಮ್ಮೆ ಅವನ ಮಾತು ಕೇಳಿ ಮುಗಿಸಿದವಳು ಅವಳು. ಈ ಬಾರಿ ಅವನು ಅವಳ ಮಾತು ಕೇಳಬೇಕಿತ್ತು.

ಮಾಳಿಂಗ ತಲೆಯಾಡಿಸಿದ. ಬರಿಯ ತಂತಿಯ ಮೇಲೆ ಹಾಡನ್ನು ಮತ್ತೆ ಎಳೆದ. ಒಂದು ತಂತಿ ಕಡಿದು ಅವನ ತೋರುಬೆರಳನ್ನು ಎಲುಬಿನ ತನಕ ಸೀಳಿತು. ಇನ್ನೊಂದು ತಂತಿ ಕಡಿಯಿತು. ಕಿನ್ನರಿ ನಿಂತಿತು.

"ನೀನು ಸೋತೆ," ಎಂದ ಕಾಳಕಂಠ.

"ಎಲ್ಲಿಂದ ಬಂದೀರಿ ಬೆಳ್ಳಕ್ಕಿ ಸಾಲೇ," ಎಂದಳು ಬಾಳವ್ವ.

ಅವಳಿಗೆ ಹಾಡಲು ಬರುತ್ತಿರಲಿಲ್ಲ. ಅವಳ ದನಿಯಲ್ಲಿ ಮಸಣದ ಮಣ್ಣಿತ್ತು. ಸೊಪ್ಪಿನವಳೊಬ್ಬಳು ಸೊಪ್ಪು ತೊಳೆಯುತ್ತಲೇ ಎರಡನೆಯ ಸಾಲು ಹೇಳಿದಳು. ಕಟ್ಟಿಗೆಯವನು ಹೇಳಿದ. ಬೀದಿ ದಾಟುತ್ತಿದ್ದವರು ಹೇಳುತ್ತ ದಾಟಿದರು. ಅವರು ದಾಟಿದ ಬೀದಿಯಲ್ಲಿ ಕಮ್ಮಾರ ಹಿಡಿದ. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಎತ್ತಿಕೊಂಡರು. ಯಾರ ಬಳಿಯೂ ಹಾಡು ಪೂರ್ತಿ ಇರಲಿಲ್ಲ, ಯಾರ ಬಳಿಯೂ ನಿಲ್ಲಲೂ ಇಲ್ಲ.

ಕಾಳಕಂಠನ ತುಟಿ ಒಣಗಿತು. "ನೀರು," ಎಂದ.

ಬಾಳವ್ವ ತುಂಬಿದ ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟಳು. "ಇಲ್ಲೇ ಇದೆ, ಸ್ವಾಮಿ. ಎದ್ದು ಬಂದು ಕುಡೀರಿ."

ಅವನು ಏಳಲಿಲ್ಲ. ಏಳುವುದೆಂದರೇನೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು. ಅವನು ಜನರ ಕಡೆ ತಿರುಗಿದ. "ಯಾರಾದರೂ ಮಂಗಳ ಹಾಡಿ. ಕೇಳಿದ್ದನ್ನು ಕೊಡುತ್ತೇನೆ. ಈ ಹಾಡಿನ ಕೊನೆ ಯಾರಿಗೆ ಗೊತ್ತು?"

ಹಾಡು ಬಾಯಿಂದ ಬಾಯಿಗೆ ಹೋಗುತ್ತಲೇ ಇತ್ತು. ಮಾಳಿಂಗ ರಕ್ತದ ಕೈಯನ್ನು ಅಂಗವಸ್ತ್ರಕ್ಕೆ ಸುತ್ತಿಕೊಳ್ಳುತ್ತ ಹೇಳಿದ: "ಅವರಿಗೆ ಗೊತ್ತಿಲ್ಲ. ನಾನು ಎಲ್ಲಿಯೂ ಅಲ್ಲಿಯವರೆಗೆ ಹೋಗಲಿಲ್ಲ. ಗೊತ್ತಿರುವವನು ನಾನೊಬ್ಬ. ನಾನು ಹೇಳುವುದಿಲ್ಲ."

ಕೊನೆ ಬರುವುದೇ ಇಲ್ಲ ಎಂದು ಕಾಳಕಂಠನಿಗೆ ಆಗ ತಿಳಿಯಿತು. ಅವನು ಬಿಳಿಚಿದ. ಒಂದಿಷ್ಟು ಹೊತ್ತು ಹುಲಿಚರ್ಮದ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂತ. ದಾಹ ಮಂತ್ರಕ್ಕಿಂತ ದೊಡ್ಡದಾಯಿತು. ನೀರಿನ ಕಡೆ ಕೈಚಾಚಿ ಅವನು ಎದ್ದ.

ಅವನದೇ ಮಾತು ಅವನನ್ನು ಹಿಡಿಯಿತು. ಎದೆ ಒಡೆಯಿತು. ಒಳಗೆ ಎಲುಬಿರಲಿಲ್ಲ, ರಕ್ತವಿರಲಿಲ್ಲ. ಕಿಲುಬು ಹಿಡಿದ ತಾಮ್ರವಿತ್ತು. ಅದು ಹಾಸುಗಲ್ಲಿನ ಮೇಲೆ ಚೂರುಚೂರಾಗಿ ಉರುಳಿತು.

ಅರಮನೆಯೊಳಗೆ ಮುಚ್ಚಳಗಳು ಹಾರಿದವು. ಬೀಸುವ ಹಾಡು ಹೊರಬಂತು, ನಾಟಿಯ ಹಾಡು ಹೊರಬಂತು, ಹಾಲು ಕರೆಯುವ ಹಾಡು ಹೊರಬಂತು. ಕಳೆದ ಕೊರಳುಗಳು ತಮ್ಮತಮ್ಮ ಬಾಯಿ ಹುಡುಕಿಕೊಂಡು ಹೋದವು. ಅರಸ ಮಾತ್ರ ಬರಿಯ ಕೊಡಗಳ ನಡುವೆ ನಿಂತಿದ್ದ. ಎಲ್ಲ ಹಾಡೂ ಅವನ ಕಿವಿಯ ಪಕ್ಕದಿಂದಲೇ ಹಾರಿತು, ಒಂದೂ ಅವನಿಗೆ ಕೇಳಿಸಲಿಲ್ಲ. ಆಮೇಲೂ ಅವನಿಗೆ ಯಾವ ಹಾಡೂ ಕೇಳಿಸಲಿಲ್ಲ. ಅವನ ನಂತರ ಪಟ್ಟಕ್ಕೆ ಬಂದವರು ಕೊಡಗಳನ್ನು ಕರಗಿಸಿ ಊರೂರಿಗೆ ಹಂಡೆ ಮಾಡಿಸಿ ಕೊಟ್ಟರು. ಸತ್ತವರು ಮರಳಲಿಲ್ಲ. ಮಾಳಿಂಗನ ಬಲಗೈ ಮತ್ತೆ ತಂತಿ ಹಿಡಿಯಲಿಲ್ಲ. ಇದನ್ನೂ ಹೇಳಲೇಬೇಕು.

ಸಂಕವ್ವ ಬಾವಿಯ ಮೆಟ್ಟಿಲ ಮೇಲೆ ಕುಸಿದಳು. ನೀಲಿಯನ್ನು ಬೆನ್ನಿಂದ ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡಳು. ಬಾಯಿ ತೆರೆದಳು, ದನಿ ಬಂತು. ಜೋಗುಳ ಬಂತು. ಚೌಕದ ಎಲ್ಲ ತಾಯಂದಿರ ಬಾಯಿಗೂ ಅದೇ ಹೊತ್ತಿಗೆ ಬಂತು. ಮೊದಲು ಯಾವುದೋ ಒಂದು ಮಗು ಕಣ್ಣು ಮುಚ್ಚಿತು. ಆಮೇಲೆ ಇನ್ನೊಂದು. ನೀಲಿ ಒಂದು ದೊಡ್ಡ ಉಸಿರೆಳೆಯಿತು, ತಾಯಿಯ ಬೆರಳು ಹಿಡಿಯಿತು, ನಿದ್ದೆಹೋಯಿತು. ಉಸಿರು ಬರುತ್ತಿದೆಯೇ ಎಂದು ಮಾಳಿಂಗ ಬಗ್ಗಿ ನೋಡಿದ. ಬರುತ್ತಿತ್ತು.

ಒಬ್ಬೊಬ್ಬ ತಾಯಿಯೂ ತನ್ನ ಮಗು ಮಲಗಿದಲ್ಲಿಗೆ ದನಿ ತಗ್ಗಿಸಿದಳು. ಕಳೆದ ಹಾಡುಗಳೆಲ್ಲ ಮರಳಿ ಬಂದ ಆ ದಿನ, ಸುರಗೀಪುರದ ರಾಜಧಾನಿಯಲ್ಲಿ ಯಾರೂ ಹಾಡಲಿಲ್ಲ. ಕಮ್ಮಾರ ಸುತ್ತಿಗೆ ಕೆಳಗಿಟ್ಟ. ಗಾಡಿಯವನು ಎತ್ತಿನ ಕೊರಳ ಗಂಟೆಗೆ ಹುಲ್ಲು ತುರುಕಿದ. ಮಕ್ಕಳು ಮಲಗಿದ್ದರು.

ಇದಾವುದೂ ತಿಳಿಯದ ಹುಡುಗಿಯೊಬ್ಬಳು ಬಿಂದಿಗೆ ಹಿಡಿದು ಬಾವಿಗೆ ಬಂದಳು. ಬಾಳವ್ವ ಅಲ್ಲಿ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಅವಳ ತೊಡೆಯ ಮೇಲೆ ಯಾರೂ ಇರಲಿಲ್ಲ. ಅವಳು ರಾಟೆಯ ಹಗ್ಗವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

"ಈಗ ಬೇಡ ಕಣವ್ವ," ಎಂದಳು, ಪಿಸುದನಿಯಲ್ಲಿ. "ರಾಟೆ ಕಿರುಗುಟ್ಟುತ್ತೆ. ಅವು ಏಳಲಿ. ಆಮೇಲೆ ನಾನೇ ಸೇದಿ ಕೊಡ್ತೀನಿ."

ಅವರೆಲ್ಲ ಬಹುಕಾಲ ಸುಖವಾಗಿ ಬಾಳಿದರು. ಕಳೆದುಕೊಂಡವರು ಕಳೆದುಕೊಂಡದ್ದರ ಜೊತೆಗೇ ಬಾಳಿದರು. ನೀರಿಗಾಗಿ ಬಂದವರು ಆ ದಿನ ಸಂಜೆಯವರೆಗೂ ಸಾಲಾಗಿ ನಿಂತು ಕಾದರು, ಒಬ್ಬರೂ ಗೊಣಗಲಿಲ್ಲ.